ಪರ ಊರಿನಲ್ಲಿ ಬೀದಿ ತಿಂಡಿ: ವಾಕಡದ ಗಾಡಿಯಿಂದ ಬ್ಯಾಂಕಾಕ್‌ ಬೀದಿಯವರೆಗೆ, ಹೊಟ್ಟೆ ಕೆಡದಂತೆ ತಿನ್ನುವುದು ಹೇಗೆ?

ಪುಣೆಯ ವಾಕಡ, ಹಿಂಜವಡಿ ಐಟಿ ಪಾರ್ಕ್‌ಗೆ ಹೊಂದಿಕೊಂಡಿರುವ ಬಡಾವಣೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಮುಂಬೈ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಇದರ ಪಕ್ಕದಲ್ಲೇ ಹಾದು ಹೋಗುತ್ತದೆ. ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಕುಟುಂಬಗಳು ಇಲ್ಲಿವೆ. ಮಕ್ಕಳನ್ನು ನೋಡಲು ಊರಿನಿಂದ ಬರುವ ಅಪ್ಪ-ಅಮ್ಮಂದಿರೂ ಇದ್ದಾರೆ. ಇಲ್ಲಿಂದಲೇ ಕಂಪನಿ ಕೆಲಸಕ್ಕೋ ರಜೆಗೋ ಸಿಂಗಪುರ, ಥಾಯ್ಲೆಂಡ್, ವಿಯೆಟ್ನಾಂ, ದುಬೈಗೆ ಹೊರಡುವವರೂ ಇದ್ದಾರೆ.

ಹೊಸ ಊರಿಗೆ ಹೋದ ಮೇಲೆ ಅಲ್ಲಿನ ತಿಂಡಿ ತಿನ್ನದೆ ಬಂದರೆ ಪ್ರವಾಸ ಪೂರ್ತಿಯಾಗುವುದಿಲ್ಲ. ಹಾಗಾಗಿ ಬೀದಿ ತಿಂಡಿಯನ್ನು ಬಿಟ್ಟುಬಿಡಿ ಎಂದು ಈ ಲೇಖನ ಹೇಳುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ: ಆರೋಗ್ಯವಂತ ಯುವಕನಿಗೆ ಎರಡು ದಿನದ ಭೇದಿ ಎಂದರೆ ಎರಡು ದಿನದ ಸುಸ್ತು. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವ ಹಿರಿಯರಿಗೆ ಅದೇ ಭೇದಿ ಆಸ್ಪತ್ರೆಗೆ ಸೇರಿಸುವ ಕಾಯಿಲೆಯಾಗಬಹುದು. ಒಂದೇ ಗಾಡಿಯ ಮುಂದೆ ನಿಂತ ಇಬ್ಬರ ಅಪಾಯ ಒಂದೇ ಅಲ್ಲ.

## ಮುಖ್ಯಾಂಶಗಳು

• ಗಾಡಿಯ ಹೆಸರು, ಖ್ಯಾತಿಗಿಂತ ನಾಲ್ಕು ವಿಷಯಗಳು ಮುಖ್ಯ: ಬಿಸಿ, ನೀರು, ಕೈ, ಸಮಯ.
• ಕಣ್ಣೆದುರೇ ಬೇಯಿಸಿ ಹೊಗೆಯಾಡುವಾಗ ಕೊಟ್ಟ ತಿಂಡಿಯಲ್ಲಿ ಅಪಾಯ ಕಡಿಮೆ. ಜೊತೆಗೆ ಕೊಡುವ ಹಸಿ ಚಟ್ನಿ, ನೀರು, ಐಸ್‌ನಲ್ಲಿ ಅಪಾಯ ಹೆಚ್ಚು.
• ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕುಡಿಯಲು ಆರಂಭಿಸಿ. ಆ್ಯಂಟಿಬಯಾಟಿಕ್ ಮೊದಲ ಔಷಧವಲ್ಲ.
• ಬಿಪಿ, ಸಕ್ಕರೆ, ಕಿಡ್ನಿ ಮಾತ್ರೆ ತೆಗೆದುಕೊಳ್ಳುವವರು ಭೇದಿ-ವಾಂತಿಯ ದಿನ ಏನು ಮಾಡಬೇಕೆಂದು ಪ್ರಯಾಣಕ್ಕೆ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.
• ಭೇದಿಯಾದ ಕೆಲವು ದಿನ ಅಥವಾ ವಾರಗಳಲ್ಲಿ ಕಾಲು ಜುಮುಗುಟ್ಟಿದರೆ, ಬಲ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

## ಊರು ಬಿಟ್ಟರೆ ಹೊಟ್ಟೆ ಯಾಕೆ ಕೆಡುತ್ತದೆ?

ಪ್ರಯಾಣದ ಸಮಯದಲ್ಲಿ ಅಥವಾ ಮುಗಿದ ಕೆಲವೇ ದಿನಗಳಲ್ಲಿ, 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ನೀರಾದ ಭೇದಿಯಾದರೆ ವೈದ್ಯರು ಅದನ್ನು ಪ್ರವಾಸಿಗರ ಅತಿಸಾರ ಎನ್ನುತ್ತಾರೆ. ಪ್ರವಾಸಿಗರಿಗೆ ಬರುವ ಕಾಯಿಲೆಗಳಲ್ಲಿ ಇದು ಅತಿ ಸಾಮಾನ್ಯ. ಹೊಟ್ಟೆ ನುಲಿತ, ವಾಕರಿಕೆ, ವಾಂತಿ, ಸಣ್ಣ ಜ್ವರ ಜೊತೆಗಿರಬಹುದು.

ಬಹುತೇಕ ಬಾರಿ ಇದಕ್ಕೆ ಕಾರಣ ಬ್ಯಾಕ್ಟೀರಿಯಾ. ಈ-ಕೊಲೈ ಎಂಬ ಬ್ಯಾಕ್ಟೀರಿಯಾದ ಕೆಲವು ಬಗೆಗಳು, ಕ್ಯಾಂಪಿಲೋಬ್ಯಾಕ್ಟರ್, ಶಿಗೆಲ್ಲಾ, ಸಾಲ್ಮೊನೆಲ್ಲಾ ಇವುಗಳಲ್ಲಿ ಮುಖ್ಯ. ನೊರೊವೈರಸ್‌ನಂಥ ವೈರಸ್‌ಗಳು, ಜಿಯಾರ್ಡಿಯಾದಂಥ ಪರಾವಲಂಬಿ ಜೀವಿಗಳೂ ಕಾರಣವಾಗಬಹುದು.

ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ನಡುವಿನ ಅವಧಿ ಕಾರಣದ ಸುಳಿವು ಕೊಡುತ್ತದೆ. ಆಹಾರದಲ್ಲಿ ಮೊದಲೇ ವಿಷ ಉತ್ಪತ್ತಿಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಬ್ಯಾಕ್ಟೀರಿಯಾ ಮತ್ತು ವೈರಸ್ ಸೋಂಕಿಗೆ ಸಾಮಾನ್ಯವಾಗಿ 6ರಿಂದ 72 ಗಂಟೆ ಬೇಕು. ಜಿಯಾರ್ಡಿಯಾ ಕಾಣಿಸಿಕೊಳ್ಳಲು ಒಂದೆರಡು ವಾರ ಬೇಕಾಗಬಹುದು. ಆದ್ದರಿಂದ ಕೊನೆಗೆ ತಿಂದ ತಿಂಡಿಯೇ ತಪ್ಪಿತಸ್ಥ ಎಂದು ಹೇಳಲಾಗದು.

"ಇಲ್ಲಿಯವರು ದಿನಾ ತಿನ್ನುತ್ತಾರೆ, ಅವರಿಗೇನೂ ಆಗುವುದಿಲ್ಲವಲ್ಲ?" ಎಂದು ಹಲವರು ಕೇಳುತ್ತಾರೆ. ಒಂದು ಊರಿನ ರೋಗಾಣುಗಳಿಗೆ ಅಲ್ಲಿನವರ ದೇಹ ಸ್ವಲ್ಪಮಟ್ಟಿಗೆ ಒಗ್ಗಿಕೊಂಡಿರುತ್ತದೆ. ಹೊರಗಿನವರಿಗೆ ಆ ರಕ್ಷಣೆ ಇರುವುದಿಲ್ಲ. ಅಮೆರಿಕದಲ್ಲಿ ಬೆಳೆದ ಮೊಮ್ಮಕ್ಕಳು ರಜೆಗೆ ವಾಕಡಕ್ಕೆ ಬಂದಾಗ ಮನೆಯವರಿಗೆಲ್ಲ ಒಗ್ಗಿದ ಪಾಣಿಪುರಿ ಅವರಿಗೆ ಮಾತ್ರ ಒಗ್ಗದಿರುವುದು ಇದೇ ಕಾರಣಕ್ಕೆ.

## ಪುಣೆ 2025ರಲ್ಲಿ ಕಲಿತ ಪಾಠ

2025ರ ಜನವರಿಯಲ್ಲಿ ಪುಣೆಯಲ್ಲಿ ಗೀಯನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಎಂಬ ನರಗಳ ಕಾಯಿಲೆಯ ಪ್ರಕರಣಗಳು ಒಮ್ಮೆಲೇ ಹೆಚ್ಚಿದವು. ಸಿಂಹಗಡ ರಸ್ತೆ, ನಾಂದೇಡ ಗಾವ್, ಕಿರಕಟವಾಡಿ, ಧಾಯರಿ ಭಾಗದಲ್ಲಿ ಅವು ಹೆಚ್ಚಾಗಿ ಕಂಡವು. ವಾಕಡ ಸೇರಿರುವ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆ ವ್ಯಾಪ್ತಿಯಿಂದಲೂ ಪ್ರಕರಣಗಳು ವರದಿಯಾದವು. ಶಂಕಿತ ಮತ್ತು ದೃಢಪಟ್ಟ ಪ್ರಕರಣಗಳು ಸೇರಿ ಸಂಖ್ಯೆ 200 ದಾಟಿತು. ಕೆಲವರು ಮೃತಪಟ್ಟರು. ಕೇಂದ್ರ ಸರ್ಕಾರ ತಜ್ಞರ ತಂಡವನ್ನು ಕಳುಹಿಸಿತು.

ಪುಣೆಯಲ್ಲೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ, ಇನ್ನು ಕೆಲವರಲ್ಲಿ ನೊರೊವೈರಸ್ ಕಂಡುಬಂತು. ಎರಡೂ ಕಲುಷಿತ ನೀರು, ಆಹಾರದಿಂದ ಹರಡುವಂಥವು. ತನಿಖೆಯ ಗಮನ ನೀರಿನ ಕಡೆಗೆ ಹೋಯಿತು. ಆ ಭಾಗದ ಹಲವು ಖಾಸಗಿ ಆರ್‌ಒ ನೀರಿನ ಘಟಕಗಳನ್ನು ಪುಣೆ ಮಹಾನಗರಪಾಲಿಕೆ ಮುಚ್ಚಿಸಿತು. ನೀರನ್ನು ಕುದಿಸಿ ಕುಡಿಯಿರಿ, ಆಹಾರವನ್ನು ಪೂರ್ತಿ ಬೇಯಿಸಿ ತಿನ್ನಿ ಎಂದು ಆರೋಗ್ಯ ಇಲಾಖೆ ಜನರಿಗೆ ಹೇಳಿತು.

ಇದರಿಂದ ಹೆದರಬೇಕಾಗಿಲ್ಲ. ಕ್ಯಾಂಪಿಲೋಬ್ಯಾಕ್ಟರ್ ಸೋಂಕು ತಗುಲಿದ ಸುಮಾರು 1,000 ಜನರಲ್ಲಿ ಒಬ್ಬರಿಗೆ ಜಿಬಿಎಸ್ ಬರಬಹುದು ಎಂಬುದು ಅಂದಾಜು. ಆದರೆ ಎರಡು ಪಾಠ ನೆನಪಿಡಬೇಕು. ಒಂದು, ನೋಡಲು ತಿಳಿಯಾಗಿರುವ ನೀರು, "ಆರ್‌ಒ" ಎಂದು ಬರೆದ ಕ್ಯಾನ್‌ನ ನೀರು ಎರಡೂ ಕಲುಷಿತವಾಗಿರಬಹುದು. ಆರ್‌ಒ ಯಂತ್ರ ನೀರಿನಲ್ಲಿರುವ ಕ್ಲೋರಿನ್ ಅನ್ನೂ ತೆಗೆಯುತ್ತದೆ. ನಂತರ ಟ್ಯಾಂಕ್ ಅಥವಾ ಕ್ಯಾನ್ ಕೊಳೆಯಾಗಿದ್ದರೆ ರೋಗಾಣುಗಳನ್ನು ತಡೆಯುವಂಥದ್ದು ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಎರಡು, ಭೇದಿ ನಿಂತ ಮೇಲೂ ದೇಹದ ಮೇಲೆ ಕಣ್ಣಿಡಬೇಕು.

## ಗಾಡಿಯ ಮುಂದೆ ನಿಂತಾಗ ನೋಡಬೇಕಾದ ನಾಲ್ಕು ವಿಷಯ

1. ಬಿಸಿ. ಆಹಾರ ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬಹುತೇಕ ರೋಗಾಣುಗಳು ಸಾಯುತ್ತವೆ. ಬೇಯಿಸಿದ್ದನ್ನು ಬಡಿಸುವವರೆಗೆ 60 ಡಿಗ್ರಿಗಿಂತ ಮೇಲೆ ಇಡಬೇಕು. ತಣ್ಣಗಿಡಬೇಕಾದದ್ದು 5 ಡಿಗ್ರಿಗಿಂತ ಕೆಳಗಿರಬೇಕು. ಇವೆರಡರ ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲೇ ರೋಗಾಣುಗಳು ಬೆಳೆಯುವುದು. ಕೈಯಲ್ಲಿ ಥರ್ಮಾಮೀಟರ್ ಬೇಡ. ಆವಿ ಏಳುತ್ತಿದೆಯೇ, ನಾಲಿಗೆ ಸುಡುವಷ್ಟು ಬಿಸಿ ಇದೆಯೇ ನೋಡಿದರೆ ಸಾಕು.

2. ನೀರು. ತಟ್ಟೆ, ಲೋಟ ತೊಳೆಯುವುದು ಹರಿಯುವ ನೀರಿನಲ್ಲೋ, ಒಂದೇ ಬಕೆಟ್‌ನಲ್ಲಿ ಅದ್ದಿಯೋ? ಚಟ್ನಿಗೆ, ಪಾನಿಗೆ ಬಳಸುವ ನೀರು ಎಲ್ಲಿಯದು? ಐಸ್ ಕೂಡ ನೀರೇ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ.

3. ಕೈ. ದುಡ್ಡು ತೆಗೆದುಕೊಂಡ ಕೈಯಲ್ಲೇ ತಿಂಡಿ ಮುಟ್ಟುತ್ತಾರೆಯೇ? ಒಬ್ಬರು ದುಡ್ಡಿಗೆ, ಇನ್ನೊಬ್ಬರು ತಿಂಡಿಗೆ ಇರುವ ಗಾಡಿ ವಾಸಿ. ಯುಪಿಐ ಪಾವತಿ ಇಲ್ಲಿ ಒಳ್ಳೆಯದೇ ಮಾಡಿದೆ. ನಿಮ್ಮ ಕೈಯನ್ನೂ ಮರೆಯಬೇಡಿ. ತಿನ್ನುವ ಮುಂಚೆ ಸೋಪು ಹಾಕಿ ತೊಳೆಯಿರಿ. ಸ್ಯಾನಿಟೈಜರ್ ಇಲ್ಲದ್ದಕ್ಕಿಂತ ವಾಸಿ, ಆದರೆ ನೊರೊವೈರಸ್‌ಗೆ ಅದು ಸಾಲದು.

4. ಸಮಯ. ಬೇಯಿಸಿದ ಆಹಾರ ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಜನ ತುಂಬಿದ ಗಾಡಿಯಲ್ಲಿ ಮಾಡಿದ್ದು ಬೇಗ ಖರ್ಚಾಗುತ್ತದೆ. ಅದೇ ಅದರ ಲಾಭ. ಮಧ್ಯಾಹ್ನ ಕರಿದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಭಜಿಯನ್ನು ಸಂಜೆ ಕೊಟ್ಟರೆ ಬೇಡವೆನ್ನಿ, ಅಥವಾ ಹೊಸ ಹಬೆಗೆ ಕಾಯಿರಿ.

ಭಾರತದಲ್ಲಿ ಆಹಾರ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆಯಬೇಕು. 14 ಅಂಕಿಗಳ ಈ ಸಂಖ್ಯೆ ಗಾಡಿಯ ಮೇಲೆ ಕಂಡರೆ ಒಳ್ಳೆಯದು. ಆದರೆ ಅದು ಆ ದಿನದ ಚಟ್ನಿಯ ಗ್ಯಾರಂಟಿ ಅಲ್ಲ.

## ಪುಣೆಯ ತಿಂಡಿಗಳು: ಯಾವುದರಲ್ಲಿ ಏನು ನೋಡಬೇಕು?

ವಡಾ ಪಾವ್, ಭಜಿ: ಕುದಿಯುವ ಎಣ್ಣೆಯಿಂದ ಆಗಷ್ಟೇ ಎತ್ತಿದ ವಡೆಯಲ್ಲಿ ಸೋಂಕಿನ ಭಯ ಕಡಿಮೆ. ಅಪಾಯ ಇರುವುದು ನೀರು ಹಾಕಿ ರುಬ್ಬಿ, ಬೆಳಗಿನಿಂದ ತೆರೆದಿಟ್ಟ ಹಸಿರು ಚಟ್ನಿಯಲ್ಲಿ. ಅದರ ಬದಲು ಒಣ ಬೆಳ್ಳುಳ್ಳಿ ಚಟ್ನಿ ಮತ್ತು ಕರಿದ ಮೆಣಸಿನಕಾಯಿ ಕೇಳಿ. ರುಚಿಗೂ ಕೊರತೆ ಇಲ್ಲ.

ಮಿಸಳ್ ಪಾವ್: ಮಡಕೆ ಕಾಳು ಬೆಂದಿರುತ್ತದೆ, ಮೇಲಿನ ತರ್ರಿ ಕುದಿಯುತ್ತಿರುತ್ತದೆ. ಎರಡೂ ಒಳ್ಳೆಯದೇ. ಮೇಲೆ ಉದುರಿಸುವ ಹಸಿ ಈರುಳ್ಳಿ, ಕೊತ್ತಂಬರಿ ಬೇಡವೆನ್ನಬಹುದು. ಖಾರ, ಎಣ್ಣೆ, ಫರಸಾಣದ ಉಪ್ಪು ಹೆಚ್ಚು. ಹೊಟ್ಟೆ ಹುಣ್ಣು, ಬಿಪಿ, ಹೃದಯದ ಕಾಯಿಲೆ ಇರುವವರು ಅರ್ಧ ತಟ್ಟೆಗೆ ನಿಲ್ಲಿಸಿ.

ಪಾವ್ ಭಾಜಿ, ಅಂಡಾ ಭುರ್ಜಿ: ಬಿಸಿ ತವಾದ ಮೇಲೆ ನಿಮ್ಮೆದುರೇ ಆಗುವುದರಿಂದ ಒಳ್ಳೆಯ ಆಯ್ಕೆ. ಮೊಟ್ಟೆ ನೀರುನೀರಾಗಿ ಉಳಿಯದಂತೆ ಬೇಯಲಿ. ಸಸ್ಯಾಹಾರಿಗಳು ತವಾ ಬೇರೆ ಇದೆಯೇ ಎಂದು ಕೇಳಿ.

ಭೇಳ್, ಪಾಣಿಪುರಿ: ಇವು ಬೇಯಿಸದೆ ಕಲಸುವ ತಿಂಡಿಗಳು. ನೀರು ಮತ್ತು ಕೈ ಎರಡೂ ನೇರವಾಗಿ ಸೇರುತ್ತವೆ. ಹೊಸದಾಗಿ ಬಂದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಬೀದಿಯ ಪಾಣಿಪುರಿ ಬೇಡ. ತಿನ್ನಲೇಬೇಕಿದ್ದರೆ ಪೂರಿ ಪೊಟ್ಟಣ ತಂದು, ಮನೆಯಲ್ಲಿ ಕುದಿಸಿ ಆರಿಸಿದ ನೀರಿನಲ್ಲಿ ಪಾನಿ ಮಾಡಿ. ಚುರುಮುರಿ, ಶೇಂಗಾ, ಒಣ ಚಟ್ನಿ ಪುಡಿ ಹಾಕಿದ ಒಣ ಭೇಳ್ ಪರವಾಗಿಲ್ಲ.

ಚೈನೀಸ್ ಗಾಡಿಯ ಫ್ರೈಡ್ ರೈಸ್: ಬಿಸಿಯಾಗಿ ಕೊಟ್ಟರೂ ಇಲ್ಲಿ ಒಂದು ತೊಡಕಿದೆ. ಮಧ್ಯಾಹ್ನ ಬೇಯಿಸಿ ಹೊರಗೇ ಇಟ್ಟ ಅನ್ನದಲ್ಲಿ ಬೆಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ವಿಷ ಉತ್ಪತ್ತಿ ಮಾಡಬಹುದು. ವಾಂತಿ ತರಿಸುವ ಈ ವಿಷ ಮತ್ತೆ ಹುರಿದರೂ ನಾಶವಾಗುವುದಿಲ್ಲ. ರಾತ್ರಿ ತಡವಾಗಿ ಗಾಡಿಯ ಮೂಲೆಯಲ್ಲಿ ಅನ್ನದ ರಾಶಿ ಕಂಡರೆ ಬೇರೆ ಏನಾದರೂ ಆರಿಸಿಕೊಳ್ಳಿ.

ಕಬ್ಬಿನ ಹಾಲು, ಹಣ್ಣಿನ ರಸ, ತಾಕ್: ಕಬ್ಬು ಅರೆಯುವ ಯಂತ್ರದ ಉರುಳೆ, ನೊಣ, ಐಸ್ ಮೂರನ್ನೂ ನೋಡಿ. ಮರಾಠಿಯಲ್ಲಿ "ಬರ್ಫ್ ನಕೋ" ಎಂದರೆ ಐಸ್ ಹಾಕುವುದಿಲ್ಲ. ಮಜ್ಜಿಗೆಗೆ ಮರಾಠಿಯಲ್ಲಿ ತಾಕ್ ಎನ್ನುತ್ತಾರೆ. ಅದರಲ್ಲೂ ನೀರಿದೆ, ಸೀಲ್ ಮಾಡಿದ ಪೊಟ್ಟಣ ವಾಸಿ. ಸಕ್ಕರೆ ಕಾಯಿಲೆಯವರಿಗೆ ಕಬ್ಬಿನ ಹಾಲು ಸೋಂಕಿಲ್ಲದಿದ್ದರೂ ಒಳ್ಳೆಯದಲ್ಲ.

ಶೇಂಗಾ ಅಲರ್ಜಿ ಇರುವವರು: ಪುಣೆಯ ಸಾಬುದಾಣಾ ಖಿಚಡಿ, ಸಾಬುದಾಣಾ ವಡೆ, ದಾಬೇಲಿ, ಕೆಲವು ಕಡೆ ಪೋಹೆಯಲ್ಲೂ ಶೇಂಗಾ ಇರುತ್ತದೆ. "ಶೇಂಗದಾಣೆ ನಕೋ" ಎಂದರೆ ಅರ್ಥವಾಗುತ್ತದೆ. ಆದರೆ ಅಲರ್ಜಿ ತೀವ್ರವಾಗಿದ್ದರೆ, ತೆಗೆದು ಕೊಟ್ಟದ್ದೂ ಸಾಲದು. ಪೂರ್ತಿ ಬಿಡಿ.

## ವಿದೇಶಕ್ಕೆ ಹೋದಾಗ

ಬಿಸಿ, ನೀರು, ಕೈ, ಸಮಯ ಎಂಬ ನಾಲ್ಕು ವಿಷಯಗಳು ಎಲ್ಲ ದೇಶಕ್ಕೂ ಒಂದೇ. ಆದರೆ ದೇಶದಿಂದ ದೇಶಕ್ಕೆ ಕೆಲವು ವ್ಯತ್ಯಾಸಗಳಿವೆ.

ಸಿಂಗಪುರ: ಇಲ್ಲಿ ಬೀದಿ ತಿಂಡಿಯವರಿಗೆ ಹಾಕರ್ ಸೆಂಟರ್ ಎಂಬ ಸೂರು ಕಟ್ಟಿಕೊಟ್ಟಿದ್ದಾರೆ. ಈ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಂಗಡಿಗಳಲ್ಲಿ ಸ್ವಚ್ಛತೆಯ ದರ್ಜೆಯ ಫಲಕ ಇರುತ್ತದೆ. ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು. ಮೊದಲ ಸಲ ವಿದೇಶಕ್ಕೆ ಹೋಗುವ ಹಿರಿಯರಿಗೆ ಬೀದಿ ತಿಂಡಿಯ ರುಚಿ ನೋಡಲು ಇದು ಸುಲಭದ ಜಾಗ.

ಥಾಯ್ಲೆಂಡ್: ಕಾವಲಿಯ ಮೇಲೆ ಎದುರೇ ಹುರಿದು ಕೊಡುವ ಪ್ಯಾಡ್ ಥಾಯ್ ಸೋಂಕಿನ ದೃಷ್ಟಿಯಿಂದ ಒಳ್ಳೆಯದು. ಆದರೆ ಅದರಲ್ಲಿ ಶೇಂಗಾ ಮತ್ತು ಮೀನಿನ ಸಾಸ್ ಇರುತ್ತದೆ. ಹಸಿ ಪಪಾಯದ ಸೋಮ್ ತಮ್‌ನಲ್ಲಿ ಒಣ ಸಿಗಡಿ, ಕೆಲವೆಡೆ ಉಪ್ಪಿನಲ್ಲಿ ನೆನೆಸಿದ ಹಸಿ ಏಡಿಯೂ ಇರುತ್ತದೆ. ಈಶಾನ್ಯ ಥಾಯ್ಲೆಂಡ್‌ನ ಹಸಿ ಸಿಹಿನೀರಿನ ಮೀನಿನ ಖಾದ್ಯಗಳಿಂದ ಯಕೃತ್ತಿಗೆ ಹುಳು ಸೇರುತ್ತದೆ. ಅವನ್ನು ಮುಟ್ಟಬೇಡಿ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ "ಜೇ" ಎಂಬ ಥಾಯ್ ಅಕ್ಷರ ಇದ್ದರೆ ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲದ ಅಡುಗೆ ಸಿಗುತ್ತದೆ.

ವಿಯೆಟ್ನಾಂ: ಕುದಿಯುವ ಸಾರಿನಲ್ಲಿ ಕೊಡುವ ಫೋ ನೂಡಲ್ಸ್ ಬಿಸಿಯಾಗಿಯೇ ಬರುತ್ತದೆ. ಜೊತೆಗಿನ ಹಸಿ ಸೊಪ್ಪು, ಮೊಳಕೆಯನ್ನು ಹಾಗೇ ತಿನ್ನದೆ ಕುದಿಯುವ ಸಾರಿನಲ್ಲಿ ಮುಳುಗಿಸಿ ತಿನ್ನಿ. ಸಸ್ಯಾಹಾರಕ್ಕೆ ಅಲ್ಲಿ "ಚಾಯ್" ಎನ್ನುತ್ತಾರೆ. ಚಹಾ ಎಂದು ತಪ್ಪು ತಿಳಿಯಬೇಡಿ.

ಕೊಲ್ಲಿ ದೇಶಗಳು: ಷವರ್ಮಾ ಅಲ್ಲಿ ಮೂಲೆಮೂಲೆಗೂ ಸಿಗುತ್ತದೆ. ಒಳಗಿನ ಮಾಂಸ ಪೂರ್ತಿ ಬೆಂದಿದೆಯೇ ನೋಡಿ, ಮಯೊನೈಸ್ ಬೇಡವೆನ್ನಿ. ಇದು ನಮ್ಮ ಪಕ್ಕದಲ್ಲೇ ಆದ ದುರಂತದ ಪಾಠವೂ ಹೌದು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹಲವರು ಅಸ್ವಸ್ಥರಾದರು, ಒಬ್ಬ ವಿದ್ಯಾರ್ಥಿನಿ ಮೃತಪಟ್ಟಳು. ರೋಗಿಗಳಲ್ಲಿ ಶಿಗೆಲ್ಲಾ ಪತ್ತೆಯಾಯಿತು. 2023ರ ಜನವರಿಯಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೊನೈಸ್ ಅನ್ನು ನಿಷೇಧಿಸಿತು.

ತುರ್ತು ವೈದ್ಯಕೀಯ ಸಹಾಯದ ಸಂಖ್ಯೆಗಳು: ಸಿಂಗಪುರ 995, ಥಾಯ್ಲೆಂಡ್ 1669, ವಿಯೆಟ್ನಾಂ 115, ಯುಎಇ 998.

## ಯಾರಿಗೆ ಹೆಚ್ಚಿನ ಎಚ್ಚರ ಬೇಕು?

• ಸಕ್ಕರೆ ಕಾಯಿಲೆ ಇರುವವರು: ಭೇದಿ-ವಾಂತಿಯ ದಿನ ಸಕ್ಕರೆ ಏಕಾಏಕಿ ಏರಬಹುದು, ಇಳಿಯಲೂಬಹುದು.
• ಬಿಪಿ, ಹೃದಯ, ಕಿಡ್ನಿ ಕಾಯಿಲೆ ಇರುವವರು: ದೇಹದ ನೀರು ಕಡಿಮೆಯಾದಾಗ ಕೆಲವು ಮಾತ್ರೆಗಳು ಕಿಡ್ನಿಗೆ ಹೊರೆಯಾಗುತ್ತವೆ.
• ಗ್ಯಾಸ್ಟ್ರಿಕ್ ಮಾತ್ರೆ ದಿನಾ ತೆಗೆದುಕೊಳ್ಳುವವರು: ಹೊಟ್ಟೆಯ ಆಮ್ಲ ರೋಗಾಣುಗಳನ್ನು ಕೊಲ್ಲುವ ಮೊದಲ ಕಾವಲುಗಾರ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆ ಆಮ್ಲವನ್ನು ತಗ್ಗಿಸುತ್ತವೆ. ವೈದ್ಯರು ಬರೆದ ಮಾತ್ರೆ ನಿಲ್ಲಿಸಬೇಡಿ. ಕಾರಣವಿಲ್ಲದೆ ರೂಢಿಯಿಂದ ನುಂಗುತ್ತಿದ್ದರೆ ಅದರ ಅಗತ್ಯವನ್ನು ವೈದ್ಯರಲ್ಲಿ ಕೇಳಿ.
• ಗರ್ಭಿಣಿಯರು: ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ ಕಾಮಾಲೆ ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಕ್ಕೆ ಅಪಾಯ ತರಬಹುದು.
• ಚಿಕ್ಕ ಮಕ್ಕಳು ಮತ್ತು 65 ದಾಟಿದವರು: ದೇಹದ ನೀರು ಬೇಗ ಕಡಿಮೆಯಾಗುತ್ತದೆ.
• ಕ್ಯಾನ್ಸರ್ ಚಿಕಿತ್ಸೆ ಪಡೆಯುವವರು, ಅಂಗಾಂಗ ಕಸಿ ಆದವರು, ಸ್ಟೆರಾಯ್ಡ್ ಸೇವಿಸುವವರು: ಇವರಿಗೆ ಪ್ಯಾಕ್ ಮಾಡಿದ ಅಥವಾ ಮನೆಯಲ್ಲಿ ಬಿಸಿಯಾಗಿ ಮಾಡಿದ ಆಹಾರವೇ ಸರಿ.

ಹಿರಿಯರು ಜೊತೆಗಿದ್ದಾಗ ಆರೈಕೆ ಮಾಡುವವರು ಒಂದು ಸಣ್ಣ ಉಪಾಯ ಮಾಡಬಹುದು. "ನಿಮಗೆ ಬೇಡ" ಎಂದು ಅವರನ್ನು ಪಕ್ಕಕ್ಕೆ ಕೂರಿಸುವ ಬದಲು, ಎಲ್ಲರೂ ತಿನ್ನಬಹುದಾದ ಬಿಸಿ ತಿಂಡಿಯ ಗಾಡಿಯನ್ನೇ ಆರಿಸಿ. ಬೇಡವೆನ್ನಿಸಿಕೊಂಡವರು ಮರುದಿನ ಒಬ್ಬರೇ ಹೋಗಿ ಸಿಕ್ಕಿದ್ದನ್ನು ತಿಂದುಬರುವುದು ಹೊಸದೇನಲ್ಲ.

## ಹೊರಡುವ ಮೊದಲು

• ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ. ಕನಿಷ್ಠ ಎರಡು ವಾರ ಮೊದಲು ಹಾಕಿಸಿಕೊಂಡರೆ ಒಳ್ಳೆಯದು.
• ಕೈಚೀಲದಲ್ಲಿ ನಾಲ್ಕೈದು ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್, ಥರ್ಮಾಮೀಟರ್, ಸೋಪಿನ ತುಂಡು, ಸಕ್ಕರೆ ಕಾಯಿಲೆ ಇದ್ದರೆ ಗ್ಲುಕೋಮೀಟರ್ ಇರಲಿ.
• ದಿನನಿತ್ಯದ ಮಾತ್ರೆಗಳನ್ನು ಅವುಗಳ ಮೂಲ ಪಟ್ಟಿಯಲ್ಲೇ, ವೈದ್ಯರ ಚೀಟಿಯ ಸಮೇತ ಒಯ್ಯಿರಿ. ಇಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ, ಕೆಮ್ಮಿನ ಔಷಧಗಳಿಗೆ ಯುಎಇಯಂಥ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಮವಿದೆ.
• ವಿದೇಶಕ್ಕಾದರೆ ಪ್ರವಾಸ ವಿಮೆ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

## ಹೊಟ್ಟೆ ಕೆಟ್ಟರೆ ಏನು ಮಾಡಬೇಕು?

ಭೇದಿಯಲ್ಲಿ ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ದೇಹದ ನೀರು ಮತ್ತು ಲವಣ ಕಡಿಮೆಯಾಗುವುದು. ಹೀಗಾಗಿ ಮೊದಲ ಭೇದಿಯಿಂದಲೇ ಓಆರ್‌ಎಸ್ ಶುರು ಮಾಡಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆ ಓದಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು, ಕೆಲವು ಚಿಕ್ಕ ಪೊಟ್ಟಣಗಳಿಗೆ 200 ಮಿ.ಲೀ. ಕುದಿಸಿ ಆರಿಸಿದ ಅಥವಾ ಸೀಲ್ ಇರುವ ಬಾಟಲಿ ನೀರಿನಲ್ಲಿ ಪೂರ್ತಿ ಪೊಟ್ಟಣ ಕಲಸಿ. 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ.

ಪ್ರತಿ ಭೇದಿಯ ನಂತರ ಕೊಡಬೇಕಾದ ಪ್ರಮಾಣ:
• 2 ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿ.ಲೀ., ಚಮಚದಲ್ಲಿ
• 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ.
• ದೊಡ್ಡವರಿಗೆ ಬಾಯಾರಿಕೆ ತೀರುವಷ್ಟು

ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಉಪ್ಪು ಹೆಚ್ಚಾಗಬಾರದು.

ಅಂಗಡಿಯಲ್ಲಿ ಸಿಗುವ ರುಚಿರುಚಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್‌ಗಳಲ್ಲಿ ಸಕ್ಕರೆ ಹೆಚ್ಚು, ಅವು ಭೇದಿಯನ್ನು ಹೆಚ್ಚಿಸಬಹುದು.

ಊಟ ನಿಲ್ಲಿಸಬೇಡಿ. ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು, ತೆಳು ತೊವ್ವೆ ಸಾಕು. ಹಾಲುಣ್ಣುವ ಮಗುವಿಗೆ ಎದೆಹಾಲು ನಿಲ್ಲಿಸಬಾರದು. ಮಕ್ಕಳಿಗೆ ಸತುವಿನ (ಜಿಂಕ್) ಮಾತ್ರೆಯನ್ನು ವೈದ್ಯರ ಸಲಹೆಯಂತೆ 10ರಿಂದ 14 ದಿನ ಕೊಡಬೇಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ.

## ಔಷಧಗಳ ವಿಷಯದಲ್ಲಿ ಎಚ್ಚರ

ಭೇದಿ ನಿಲ್ಲಿಸುವ ಮಾತ್ರೆ (ಲೊಪೆರಮೈಡ್): ಜ್ವರ, ರಕ್ತ ಇಲ್ಲದ ಸಾಮಾನ್ಯ ಭೇದಿಯಲ್ಲಿ, ಬಸ್ಸು-ವಿಮಾನ ಹತ್ತಲೇಬೇಕಾದ ದೊಡ್ಡವರು ಮಾತ್ರ ಬಳಸಬಹುದು. ಮಕ್ಕಳಿಗೆ ಕೊಡಬಾರದು. ಮಲದಲ್ಲಿ ರಕ್ತ ಅಥವಾ ಜ್ವರ ಇದ್ದರೆ ಯಾರೂ ತೆಗೆದುಕೊಳ್ಳಬಾರದು.

ಆ್ಯಂಟಿಬಯಾಟಿಕ್: ಬಹುತೇಕ ಭೇದಿಗೆ ಇದು ಬೇಡ. ವೈರಸ್‌ಗೆ ಇದು ಕೆಲಸವನ್ನೇ ಮಾಡುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ನಾರ್ಫ್ಲಾಕ್ಸಸಿನ್-ಟಿನಿಡಜೋಲ್ ಜೋಡಿ ಮಾತ್ರೆ ನುಂಗುವ ರೂಢಿ ಒಳ್ಳೆಯದಲ್ಲ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ ಈ ಗುಂಪಿನ ಔಷಧಗಳಿಗೆ ಕ್ಯಾಂಪಿಲೋಬ್ಯಾಕ್ಟರ್ ಹೆಚ್ಚಾಗಿ ಬಗ್ಗುವುದಿಲ್ಲ. ಯಾವ ಔಷಧ, ಎಷ್ಟು ದಿನ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ.

ನಿಮ್ಮ ದಿನನಿತ್ಯದ ಮಾತ್ರೆಗಳು: ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ ಇವನ್ನು ತೀವ್ರ ಭೇದಿ-ವಾಂತಿ ಇರುವಾಗ ಕೆಲವು ದಿನ ತಡೆಹಿಡಿಯಬೇಕಾಗಬಹುದು. ಯಾವುದನ್ನು, ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂದು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಇನ್ಸುಲಿನ್ ಅನ್ನು ಊಟ ಸೇರಲಿಲ್ಲವೆಂದು ನೀವೇ ಪೂರ್ತಿ ನಿಲ್ಲಿಸಬೇಡಿ. ಸಕ್ಕರೆಯನ್ನು ಪದೇಪದೇ ಪರೀಕ್ಷಿಸಿ, ವೈದ್ಯರಿಗೆ ಫೋನ್ ಮಾಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಆ ದಿನಗಳಲ್ಲಿ ಬೇಡ.

## ತಕ್ಷಣ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು

• ಮಲದಲ್ಲಿ ರಕ್ತ, ಅಥವಾ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ
• ಕುಡಿದದ್ದೆಲ್ಲ ವಾಂತಿಯಾಗುವುದು
• 6ರಿಂದ 8 ಗಂಟೆ ಮೂತ್ರ ಆಗದಿರುವುದು, ಎದ್ದು ನಿಂತರೆ ತಲೆ ಸುತ್ತುವುದು
• ಮಗುವಿನ ಕಣ್ಣು ಗುಳಿಬೀಳುವುದು, ಕಣ್ಣೀರಿಲ್ಲದ ಅಳು, ಮಂಕು
• ಹಿರಿಯರಲ್ಲಿ ಗೊಂದಲದ ಮಾತು, ಅತಿಯಾದ ನಿದ್ದೆ
• ಬಿಡದ ತೀವ್ರ ಹೊಟ್ಟೆನೋವು, ಅಥವಾ ಮೂರು ದಿನವಾದರೂ ನಿಲ್ಲದ ಭೇದಿ
• ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು. ಹೆಪಟೈಟಿಸ್ ಎ ತಿಂದ 15ರಿಂದ 50 ದಿನಗಳ ನಂತರವೂ ಕಾಣಿಸಬಹುದು
• ಭೇದಿಯಾದ ದಿನಗಳಲ್ಲಿ ಅಥವಾ ಮುಂದಿನ ಕೆಲವು ವಾರಗಳಲ್ಲಿ ಪಾದ, ಕೈಬೆರಳು ಜುಮುಗುಟ್ಟುವುದು, ಮೆಟ್ಟಿಲು ಹತ್ತಲು ಕಷ್ಟ, ನುಂಗಲು ಅಥವಾ ಉಸಿರಾಡಲು ಕಷ್ಟ

ಕೊನೆಯದು ಜಿಬಿಎಸ್ ಸೂಚನೆ ಆಗಿರಬಹುದು. ಕಾಲಿನಿಂದ ಶುರುವಾದ ನಿಶ್ಶಕ್ತಿ ಮೇಲೇರಿ ಉಸಿರಾಟದ ಸ್ನಾಯುಗಳನ್ನು ಮುಟ್ಟಬಹುದು. ಬೇಗ ಚಿಕಿತ್ಸೆ ಶುರುವಾದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ವಿಟಮಿನ್ ಮಾತ್ರೆ ನುಂಗಿ ಕಾಯುತ್ತ ಕೂರಬೇಡಿ.

ವಾಕಡದಲ್ಲಿದ್ದರೆ ಔಂಧ್‌ನ ಜಿಲ್ಲಾ ಆಸ್ಪತ್ರೆ ಮತ್ತು ಪಿಂಪ್ರಿಯ ಯಶವಂತರಾವ್ ಚವ್ಹಾಣ ಸ್ಮಾರಕ ಆಸ್ಪತ್ರೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಕರ್ನಾಟಕದಂತೆ ಮಹಾರಾಷ್ಟ್ರದಲ್ಲೂ ಆ್ಯಂಬುಲೆನ್ಸ್ ಸಂಖ್ಯೆ 108.

## ಪದೇ ಪದೇ ಕೇಳುವ ಪ್ರಶ್ನೆಗಳು

ಖಾರ, ನಿಂಬೆರಸ ಅಥವಾ ಮದ್ಯದಿಂದ ರೋಗಾಣುಗಳು ಸಾಯುತ್ತವೆಯೇ?
ಇಲ್ಲ. ತಿಂಡಿಗೆ ಹಿಂಡುವ ನಿಂಬೆಯಾಗಲಿ, ಊಟದ ಜೊತೆಗಿನ ಮದ್ಯವಾಗಲಿ ಅದಕ್ಕೆ ಸಾಲದು. ಮದ್ಯ ದೇಹದ ನೀರನ್ನು ಇನ್ನಷ್ಟು ಕಡಿಮೆ ಮಾಡುತ್ತದೆ.

ಸ್ಟಾರ್ ಹೋಟೆಲ್ ಊಟ ಬೀದಿ ತಿಂಡಿಗಿಂತ ಸುರಕ್ಷಿತವೇ?
ಯಾವಾಗಲೂ ಅಲ್ಲ. ಗಂಟೆಗಟ್ಟಲೆ ಉಗುರುಬೆಚ್ಚಗೆ ಇಟ್ಟ ಬಫೆಗಿಂತ ಎಣ್ಣೆಯಿಂದ ಆಗಷ್ಟೇ ಎತ್ತಿದ ವಡೆ ವಾಸಿ.

ಹೋಗುವ ಮುಂಚೆ ಪ್ರೊಬಯೋಟಿಕ್ ತೆಗೆದುಕೊಂಡರೆ ರಕ್ಷಣೆ ಸಿಗುತ್ತದೆಯೇ?
ಹಾಗೆಂದು ಭರವಸೆಯಿಂದ ಹೇಳುವಷ್ಟು ಆಧಾರ ಇಲ್ಲ. ಮೊಸರು ತಿನ್ನಿ, ಆದರೆ ಅದನ್ನು ನಂಬಿ ಪಾಣಿಪುರಿಗೆ ಹೋಗಬೇಡಿ.

ಸಕ್ಕರೆ ಕಾಯಿಲೆ ಇರುವವರು ಓಆರ್‌ಎಸ್ ಕುಡಿಯಬಹುದೇ?
ಭೇದಿ ಇರುವಾಗ ಕುಡಿಯಬೇಕು. 1 ಲೀಟರ್ ಓಆರ್‌ಎಸ್‌ನಲ್ಲಿ ಇರುವ ಗ್ಲುಕೋಸ್ 13.5 ಗ್ರಾಂ ಮಾತ್ರ. ಲವಣ ದೇಹ ಸೇರಲು ಆ ಗ್ಲುಕೋಸ್ ಬೇಕೇ ಬೇಕು. ಜೊತೆಗೆ ಸಕ್ಕರೆ ಪರೀಕ್ಷಿಸುತ್ತಿರಿ.

ವೈದ್ಯರ ಬಳಿ ಹೋದಾಗ ಏನು ಹೇಳಬೇಕು?
ಎಲ್ಲಿಗೆ ಹೋಗಿದ್ದಿರಿ, ಕಳೆದ ಮೂರು ದಿನ ಎಲ್ಲಿ ಏನು ತಿಂದಿರಿ, ಭೇದಿ ಎಷ್ಟು ಸಲ, ಕೊನೆಯ ಮೂತ್ರ ಯಾವಾಗ, ದಿನಾ ಯಾವ ಮಾತ್ರೆ, ಈಗಾಗಲೇ ನುಂಗಿದ್ದು ಏನು. ಜೊತೆಯಲ್ಲಿರುವವರು ಇದನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ವಿದೇಶದಿಂದ ಮರಳಿದ ಮೇಲೆ ಜ್ವರ ಬಂದರೆ ಪ್ರಯಾಣದ ವಿಷಯವನ್ನು ತಪ್ಪದೆ ಹೇಳಿ. ಮಲೇರಿಯಾ, ಡೆಂಗಿಯಂಥ ಬೇರೆ ಕಾರಣಗಳನ್ನೂ ವೈದ್ಯರು ನೋಡಬೇಕಾಗುತ್ತದೆ.

*ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಕಾಯಿಲೆ ಮತ್ತು ಔಷಧಗಳಿಗೆ ಸಂಬಂಧಿಸಿದಂತೆ ನಿಮ್ಮ ವೈದ್ಯರ ಸಲಹೆಯೇ ಅಂತಿಮ.*